ವರಲಕ್ಷ್ಮಮ್ಮ ಡೈರಿಗೆ ಹೋದ ಹೊತ್ತು

ನಮ್ಮ ಮನೆಗೂ ವರಲಕ್ಷ್ಮಮ್ಮನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಅದೂ ಹಳೆಯ ಮಣ್ಣಿನ ಗೋಡೆ. ಆಕೆ ಒಗ್ಗರಣೆಗೆ ಮೆಣಸಿನಕಾಯಿ ಹಾಕಿದರೆ ಸೀನುವುದು ನಾನು. ಆದ್ದರಿಂದ ಆ ಮನೆಯ ವಿಷಯ ನಿನಗೆ ಹೇಗೆ ಗೊತ್ತು ಅಂಜಿನಮ್ಮ ಎಂದು ನನ್ನನ್ನು ಯಾರೂ ಕೇಳಬೇಡಿ. ಕಿವಿ ಮುಚ್ಚಿಕೊಂಡು ಬದುಕಲು ಆಗುತ್ತದೆಯೇ? ನನಗಂತೂ ಆಗುವುದಿಲ್ಲ, ಆಸೆಯೂ ಇಲ್ಲ.

ತೂಬಗೆರೆ ಹೋಬಳಿಯ ನಮ್ಮೂರಿನಲ್ಲಿ ವರಲಕ್ಷ್ಮಮ್ಮ ಬರುವುದಕ್ಕೆ ಮುಂಚೆ ಆಕೆಯ ಬೀಗದ ಕೈಗೊಂಚಲಿನ ಸದ್ದು ಬರುತ್ತದೆ. ಸೊಂಟಕ್ಕೆ ಸಿಕ್ಕಿಸಿಕೊಂಡ ಆ ಗೊಂಚಲಿನಲ್ಲಿ ಅಡುಗೆಮನೆಯ ಬೀರುವಿನ ಕೈ ಇದೆ, ರಾಗಿ ಕೋಣೆಯದಿದೆ, ಟ್ರಂಕಿನದಿದೆ. ಯಾವತ್ತೋ ಗುಜರಿಗೆ ಹಾಕಿದ ಮೊಪೆಡ್ಡಿನದೂ ಇದೆ. ಮೊಪೆಡ್ ಹೋದ ಮೇಲೆ ಅದರ ಕೀ ಯಾಕಮ್ಮ ಎಂದು ಒಮ್ಮೆ ಕೇಳಿದ್ದೆ. "ಇರ್ಲಿ ಬಿಡು ಅಂಜಿನಕ್ಕ, ಅದೇನ್ ಅನ್ನ ಕೇಳ್ತದಾ" ಎಂದಳು. ಗೊಂಚಲು ದಪ್ಪವಾಗಿ ಕಾಣಲಿ ಎಂದು ಇಟ್ಟುಕೊಂಡಿದ್ದಾಳೆ ಅಷ್ಟೆ. ಗಂಡ ಪಿಳ್ಳಪ್ಪ ಒಳ್ಳೆಯವನು. ಮನೆಗೆ ಸಂಬಂಧಿಸಿದ ಯಾವ ಮಾತು ಕೇಳಿದರೂ "ಅವಳ್ನೇ ಕೇಳಿ" ಎನ್ನುತ್ತಾನೆ. ಊಟ ಆಯಿತೇ ಎಂದು ಕೇಳಿದರೂ ಒಮ್ಮೊಮ್ಮೆ ಹಾಗೇ ಅನ್ನುತ್ತಾನೆ.

ಈ ಗೊಂಚಲು ವರಲಕ್ಷ್ಮಮ್ಮನಿಗೆ ಸುಮ್ಮನೆ ಸಿಕ್ಕಿದ್ದಲ್ಲ. ಅದು ಮೊದಲು ಇದ್ದದ್ದು ಆಕೆಯ ಅತ್ತೆ ಮುನಿವೆಂಕಟಮ್ಮನ ಸೊಂಟದಲ್ಲಿ. ಮುನಿವೆಂಕಟಮ್ಮ ಗಟ್ಟಿ ಹೆಂಗಸು. ಬೆಲ್ಲದ ಅಚ್ಚಿನ ಮೇಲೆ ತನ್ನ ಕಣ್ಣಿನ ಗುರುತು ಇಟ್ಟು ಹೋಗುತ್ತಿದ್ದವಳು, ಚೂರು ಕಡಿಮೆಯಾದರೂ ಹಿಡಿಯುತ್ತಿದ್ದಳು. ವರಲಕ್ಷ್ಮಮ್ಮ ಹೊಸದಾಗಿ ಮದುವೆಯಾಗಿ ಬಂದ ವರ್ಷ ಹಬ್ಬಕ್ಕೆ ಮಾಡಿಟ್ಟ ಕಜ್ಜಾಯದಲ್ಲಿ ಒಂದನ್ನು ಕೇಳದೆ ತಿಂದಳು. ಅತ್ತೆ ಅದನ್ನು ಕಳೆ ಕೀಳಲು ಬಂದಿದ್ದ ಹೆಂಗಸರೆಲ್ಲರ ಮುಂದೆ ವಿಚಾರಣೆಗೆ ತಂದಳು. "ಯಾಕಮ್ಮ, ನಿಮ್ಮಪ್ಪನ ಮನೇಲಿ ಬೆಲ್ಲ ಕಂಡಿರ್ಲಿಲ್ವಾ?" ಎಂದು ಕೇಳಿದಳು. ಆ ಹೆಂಗಸರಲ್ಲಿ ನಾನೂ ಇದ್ದೆ. ಹುಡುಗಿಯ ಮುಖ ನೋಡಲಾಗಲಿಲ್ಲ. ಅಲ್ಲಿಂದ ಮುಂದೆ ವರಲಕ್ಷ್ಮಮ್ಮ ಅತ್ತೆಯ ಕಣ್ಣೆದುರು ಕಜ್ಜಾಯ ಮುಟ್ಟಿದ್ದನ್ನು ನಾನು ಕಂಡಿಲ್ಲ. ಅತ್ತೆ ಹೊಲದ ಕಡೆ ಹೋದ ಮೇಲೆ ಹಿತ್ತಿಲ ಬಾಗಿಲ ಮರೆಯಲ್ಲಿ ನಿಂತು, ಬೀಗದ ಕೈ ಸದ್ದು ಬರುತ್ತದೇನೋ ಎಂದು ಆಲಿಸುತ್ತ, ಬಾಯಿ ತುಂಬ ತುರುಕಿಕೊಂಡದ್ದನ್ನು ಮಾತ್ರ ಕಂಡಿದ್ದೇನೆ.

ಕಾಲ ಸರಿಯಿತು. ಮುನಿವೆಂಕಟಮ್ಮ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಮಂಚ ಹಿಡಿದಳು. ಗೊಂಚಲು ಆ ಸೊಂಟದಿಂದ ಈ ಸೊಂಟಕ್ಕೆ ಬಂತು. ದೊಡ್ಡಬಳ್ಳಾಪುರದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, "ಅಜ್ಜಿಗೆ ಶುಗರ್ ಇದೆ, ಸಿಹಿ ಸ್ವಲ್ಪ ಕಡಿಮೆ ಮಾಡಿ" ಎಂದರು. ಹೇಳಿದ ಡಾಕ್ಟರು ಅದನ್ನು ಮರೆತಿರಬೇಕು, ವರಲಕ್ಷ್ಮಮ್ಮ ಮರೆಯಲಿಲ್ಲ. ಬಸ್ಸಿನಿಂದ ಇಳಿಯುವಷ್ಟರಲ್ಲಿ "ಕಡಿಮೆ ಮಾಡಿ" ಅನ್ನುವುದು ಹೋಗಿ "ಮುಟ್ಟಿಸಲೇಬೇಡಿ" ಆಗಿತ್ತು. ಕಾಫಿಗೆ ಬೆಲ್ಲ ನಿಂತಿತು, ಹಬ್ಬದ ಪಾಯಸ ನಿಂತಿತು. ಕಜ್ಜಾಯದ ಸ್ಟೀಲ್ ಡಬ್ಬ ಬೀರು ಸೇರಿ ಬೀಗ ಬಿತ್ತು. ಮುದುಕಿ ಬೇಡಿದರೆ ಆಕೆ ಕೋಪಿಸಿಕೊಳ್ಳುತ್ತಿರಲಿಲ್ಲ. ಮೆತ್ತಗೆ, ಸಂಘದ ಮೀಟಿಂಗಿನಲ್ಲಿ ಮಾತಾಡಿದ ಹಾಗೆ, "ನಾನಲ್ಲ ಅತ್ತೆ, ಡಾಕ್ಟ್ರು ಹೇಳವ್ರೆ" ಎನ್ನುತ್ತಿದ್ದಳು. ಅಷ್ಟು ವರ್ಷ ಕಾದು ಸಿಕ್ಕ ಮಾತು ಅದು. ಅದರಲ್ಲಿದ್ದ ಸಿಹಿ ಆ ಡಬ್ಬದಲ್ಲೂ ಇರಲಿಲ್ಲ.

ಇನ್ನು ಸಿಂಚನ. ವರಲಕ್ಷ್ಮಮ್ಮನ ಮಗ ಅನಿಲ್‌ಕುಮಾರ್ ದೇವನಹಳ್ಳಿಯ ಕಡೆ ಕ್ಯಾಬ್ ಓಡಿಸುತ್ತಾನೆ. ಸೊಸೆ ಶಿಲ್ಪ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಅವರ ಮಗಳು ಸಿಂಚನ ಹಳದಿ ವ್ಯಾನಿನಲ್ಲಿ ಎಲ್‌ಕೆಜಿಗೆ ಹೋಗಿ ಮಧ್ಯಾಹ್ನಕ್ಕೆಲ್ಲ ವಾಪಸು ಬಂದುಬಿಡುವ ಪುಟ್ಟ ಹುಡುಗಿ. ವರಲಕ್ಷ್ಮಮ್ಮನನ್ನು ಅಜ್ಜಿ ಎಂದೂ ಮುನಿವೆಂಕಟಮ್ಮನನ್ನು ದೊಡ್ಡಜ್ಜಿ ಎಂದೂ ಕರೆಯುತ್ತಾಳೆ. ಉಳಿದ ಹೊತ್ತೆಲ್ಲ ಈ ಇಬ್ಬರು ಅಜ್ಜಿಯರ ನಡುವೆ ಬೆಳೆದ ಮಗು. ಆ ಮನೆಯಲ್ಲಿ ಏನು ನಡೆಯುತ್ತದೆ ಎಂದು ತಿಳಿಯಲು ನನಗೆ ಗೋಡೆ ಬೇಕಿತ್ತು. ಊರಿನ ಮಿಕ್ಕವರಿಗೆ ಸಿಂಚನ ಸಾಕಾಗಿದ್ದಳು.

ಒಂದು ಭಾನುವಾರ ಮಾಕಳಿದುರ್ಗ ಹತ್ತಲು ಹೊರಟ ಸಿಟಿ ಹುಡುಗರು ಬಾಗಿಲಿಗೆ ಬಂದು ನೀರು ಕೇಳಿದರು. ಸಿಂಚನ ಹೊಸ್ತಿಲ ಮೇಲೆ ಕೈ ಅಡ್ಡ ಇಟ್ಟು ನಿಂತು, "ನೀರು ಕೊಟ್ರೆ ಕಾಫಿ ಕೇಳ್ತಾರೆ, ಕಾಫಿ ಕೊಟ್ರೆ ಬಾತ್‌ರೂಮ್ ಕೇಳ್ತಾರೆ ಅಂತ ಅಜ್ಜಿ ಹೇಳವ್ಳೆ. ನಿಮ್ಗೆ ಯಾವ್ದು ಬೇಕು, ಒಂದೇ ಸಲ ಹೇಳ್ಬಿಡಿ" ಎಂದಳು. ಹುಡುಗರು ನಗುತ್ತ ನಮ್ಮ ಮನೆಗೆ ಬಂದರು. ಇನ್ನೊಮ್ಮೆ ಬೀಗರು ಬಂದು ಮಾತಾಡುತ್ತ ಕೂತಿದ್ದಾಗ ಅವರ ಮೊಣಕಾಲು ಹಿಡಿದು, "ನೀವು ಯಾವಾಗ ಹೋಗ್ತೀರಾ? ನೀವು ಹೋದ್ಮೇಲೆ ಅಜ್ಜಿ ಒಳ್ಳೆ ಬಿಸ್ಕತ್ ತೆಗೀತಾಳೆ" ಎಂದು ಗುಟ್ಟಾಗಿ ಹೇಳಿದಳು. ಅವಳ ಗುಟ್ಟು ಪಕ್ಕದ ಬೀದಿಗೆ ಕೇಳುವಂಥದ್ದು. ಸ್ಕೂಲಿನಲ್ಲಿ ಮಿಸ್ಸು ಮಕ್ಕಳನ್ನೆಲ್ಲ ನಿಲ್ಲಿಸಿ ನಿಮ್ಮ ಮನೆಯಲ್ಲಿ ಯಾರು ಏನು ಕೆಲಸ ಮಾಡುತ್ತಾರೆ ಎಂದು ಕೇಳಿದರಂತೆ. ಅಪ್ಪ ಕಾರು ಓಡಿಸ್ತಾನೆ, ಅಮ್ಮ ಶರ್ಟು ಹೊಲೀತಾಳೆ ಎಂದಾಯಿತು. ಅಜ್ಜಿ? "ಅಜ್ಜಿ ಬೀಗ ಹಾಕ್ತಾಳೆ" ಎಂದಳಂತೆ. ಮಿಸ್ಸು ಶಿಲ್ಪಳಿಗೆ ಹೇಳಿದರು, ಶಿಲ್ಪ ನನಗೆ ಹೇಳಿದಳು, ನಾನು ಸುಮಾರು ಜನಕ್ಕೆ ಹೇಳಿದೆ.

ಅವಳ ಆಟವೂ ಹಾಗೇ. ಫ್ರಾಕಿನ ಸೊಂಟಕ್ಕೆ ದಾರ ಕಟ್ಟಿ, ಅದಕ್ಕೆ ಎರಡು ಚಮಚ ನೇತುಹಾಕಿಕೊಂಡು ಓಡಾಡುತ್ತಿದ್ದಳು. ಬೀದಿ ನಾಯಿ ಬಾಲ ಅಲ್ಲಾಡಿಸಿದರೆ ಬ್ರೆಡ್ಡನ್ನು ಬೆನ್ನ ಹಿಂದೆ ಬಚ್ಚಿಟ್ಟು, "ನಾನಲ್ಲ ಕಣಪ್ಪ, ಡಾಕ್ಟ್ರು ಹೇಳವ್ರೆ" ಎನ್ನುತ್ತಿದ್ದಳು. ದನಿಯೂ ಅದೇ, ತಲೆ ವಾಲಿಸುವುದೂ ಅದೇ. ಅದನ್ನು ನೋಡಿ ಪಿಳ್ಳಪ್ಪ ಮೊದಲು ನಕ್ಕ, ಆಮೇಲೆ ಹೆಂಡತಿ ನೋಡುತ್ತಿದ್ದಾಳೆಂದು ತಿಳಿದು ಟವೆಲಿನಿಂದ ಬಾಯಿ ಒರೆಸಿಕೊಂಡ.

ಆದರೆ ಚಮಚ ಕಟ್ಟಿಕೊಂಡ ಆ ಹುಡುಗಿ ಇನ್ನೊಂದು ಕಡೆಯ ಕೆಲಸವನ್ನೂ ಮಾಡುತ್ತಿದ್ದಳು. ವರಲಕ್ಷ್ಮಮ್ಮ ಬೆಳಿಗ್ಗೆ ಸಂಜೆ ಹಾಲಿನ ಕ್ಯಾನು ಹಿಡಿದು ಡೈರಿಗೆ ಹೋಗುತ್ತಾಳೆ. ಹೋಗುವ ಮುಂಚೆ ಬಾಗಿಲಲ್ಲಿ ನಿಂತು "ಡೈರಿಗೆ ಹೋಗ್ಬರ್ತೀನಿ" ಎಂದು ಕೂಗುವುದು ಅವಳ ಅಭ್ಯಾಸ. ಮಂಚದ ಮೇಲಿನ ಮುದುಕಿ ಅದಕ್ಕಾಗಿಯೇ ಕಾಯುತ್ತಿದ್ದಳು. ಗೋಡೆಯಾಚೆ ಮೊದಲು ಮುದುಕಿಯ ಪಿಸುಮಾತು ಕೇಳುತ್ತಿತ್ತು. "ಹೋದ್ಲಾ?" ಮಗು ಬಾಗಿಲ ತನಕ ಓಡಿ ನೋಡಿ ಬರುತ್ತಿತ್ತು. "ಹೋದ್ಲು." ಆಮೇಲೆ ಮಗು ತನ್ನ ಪಾಲಿಗೆ ಬಂದಿದ್ದ ಕಜ್ಜಾಯದಲ್ಲಿ ಉಳಿಸಿ ಮಂಚದ ಕೆಳಗೆ ಬಚ್ಚಿಟ್ಟದ್ದನ್ನು ತೆಗೆಯುತ್ತಿತ್ತು. ಮುದುಕಿಗೆ ಹಲ್ಲಿಲ್ಲ, ಕೈ ನಡುಗುತ್ತದೆ. ಮಗು ಅದನ್ನು ಚೂರು ಮಾಡಿ, ಕಾಫಿಯಲ್ಲಿ ಅದ್ದಿ, ಕಿವುಚಿ ಬಾಯಿಗೆ ಇಡುತ್ತಿತ್ತು. ಆ ಹೊತ್ತಿನಲ್ಲಿ ಇಬ್ಬರೂ ಕಿಸಿಕಿಸಿ ನಗುವುದು ಕೇಳಿದರೆ ಯಾರು ಮುದುಕಿ ಯಾರು ಮಗು ಗೊತ್ತಾಗುತ್ತಿರಲಿಲ್ಲ. ಬೀದಿಯಲ್ಲಿ ಬೀಗದ ಕೈ ಸದ್ದು ಕೇಳಿದರೆ ನಗು ತಟ್ಟನೆ ನಿಲ್ಲುತ್ತಿತ್ತು. ವರಲಕ್ಷ್ಮಮ್ಮ ಒಳಗೆ ಬಂದು, ಮಂಚದ ಕೆಳಗೆ ಇಷ್ಟೊಂದು ಇರುವೆ ಯಾಕೆ ಎಂದು ಗೊಣಗುತ್ತ ಇರುವೆ ಪುಡಿ ಹಾಕುತ್ತಿದ್ದಳು.

ಹೋದ ಅವರೆಕಾಯಿ ಕಾಲದಲ್ಲಿ ಮುನಿವೆಂಕಟಮ್ಮ ತೀರಿಕೊಂಡಳು. ವಯಸ್ಸಾಗಿತ್ತು, ನಿದ್ದೆಯಲ್ಲೇ ಹೋದಳು. ಅಷ್ಟಕ್ಕೆ ಮುಗಿಯಬೇಕಿತ್ತು. ಸಮಾಧಿಗೆ ಹಾಲುತುಪ್ಪ ಬಿಡುವ ದಿನ ಹೊಲದ ಬದುವಿನಲ್ಲಿ ಎಲೆ ಹಾಕಿ ಅವಳಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿದರು. ಹೊಂಗೆ ಮರದಿಂದ ಕಾಗೆ ಇಳಿಯಿತು. ಕಜ್ಜಾಯವನ್ನು ನೋಡಿತು, ಸುತ್ತ ಒಂದು ಸಲ ನಡೆಯಿತು, ವಡೆ ಕಚ್ಚಿಕೊಂಡು ಹಾರಿಹೋಯಿತು. ಕಾಗೆಗೆ ಅವತ್ತು ಖಾರ ಬೇಕಿತ್ತೋ ಏನೋ. ಆದರೆ ಪಿಳ್ಳಪ್ಪನ ತಂಗಿ ರುಕ್ಮಿಣಮ್ಮ ಅಲ್ಲಿಯೇ ಇದ್ದಳು. ಆಕೆಯನ್ನು ದೇವನಹಳ್ಳಿಯ ಕಡೆ ಕೊಟ್ಟಿದ್ದಾರೆ. ಜಮೀನು ಮಾರಿ ಚೆನ್ನಾಗಿ ಕುದುರಿಕೊಂಡ ಮನೆ. "ನೋಡಿದ್ರಾ, ನಮ್ಮಮ್ಮ ಕಜ್ಜಾಯ ಮುಟ್ಲಿಲ್ಲ. ಇದ್ದಾಗ ಕಣ್ಣಿಗೂ ತೋರಿಸ್ದೇ ಇದ್ದೋರು ಈಗ ಇಟ್ರೆ ಮುಟ್ತಾಳಾ" ಎಂದು ಎಲ್ಲರೆದುರು ಅತ್ತಳು.

ಆ ಮಾತು ಹೊಲದಲ್ಲೇ ಉಳಿಯಲಿಲ್ಲ. ದೇವನಹಳ್ಳಿಗೆ ಹೋಯಿತು, ಹೊಸಕೋಟೆಯ ನೆಂಟರಿಗೆ ತಲುಪಿತು, ನೆಲಮಂಗಲದ ಒಂದು ಮದುವೆ ಛತ್ರದಲ್ಲಿ ಊಟದ ಪಂಕ್ತಿಯಲ್ಲಿ ಕೂತಿತು. ವರಲಕ್ಷ್ಮಮ್ಮ ಎಲ್ಲಿಗೆ ಹೋದರೂ ಪಕ್ಕದಲ್ಲಿ ಕೂತವರು ಎಲೆಯ ಮೇಲಿನ ಸಿಹಿಯನ್ನು ನೋಡಿ, "ನಿಮ್ಮತ್ತೆಗೂ ಬಲು ಇಷ್ಟ ಇತ್ತಂತೆ, ಅಲ್ವಾ" ಎನ್ನುತ್ತಿದ್ದರು. ಆಕೆ ಬೆಳಿಗ್ಗೆ ಎದ್ದು ಮುದುಕಿಯ ಮಲಮೂತ್ರ ಬಾಚಿದ್ದು, ಬೆನ್ನಿಗೆ ಹುಣ್ಣಾಗದಂತೆ ಹೊರಳಿಸಿ ಮಲಗಿಸಿದ್ದು ಯಾರಿಗೂ ನೆನಪಿಲ್ಲ. ನಾನು ನೋಡಿದ್ದೇನೆ, ಅದನ್ನೂ ಹೇಳಬೇಕು. ಆಕೆ ಎಲ್ಲವನ್ನೂ ಮಾಡಿದ್ದಳು, ಒಂದು ಕಜ್ಜಾಯ ಕೊಟ್ಟಿರಲಿಲ್ಲ. ಊರಿಗೆ ಆ ಒಂದೇ ಸಾಕಾಯಿತು.

ಹೀಗಾಗಿ ವರಲಕ್ಷ್ಮಮ್ಮನ ಜೀವವೆಲ್ಲ ಪಿತೃಪಕ್ಷದ ಅಮಾವಾಸ್ಯೆಯ ಮೇಲೆ ನಿಂತಿತು. ನಮ್ಮ ಕಡೆ ಹಿರಿಯರಿಗೆ ಎಡೆ ಇಡುವುದು ಅವತ್ತೇ. ತೀರಿಕೊಂಡವರ ಫೋಟೋ ಮುಂದೆ ಬಾಳೆಲೆ ಹಾಸಿ, ಅವರು ಆಸೆ ಪಡುತ್ತಿದ್ದ ಊಟವನ್ನೆಲ್ಲ ಬಡಿಸಿ, ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಳ್ಳುತ್ತಾರೆ. ಹಿರಿಯರು ಬಂದು ಉಂಡು ಹೋಗಲಿ ಎಂದು. ಆ ಹೊತ್ತಿನಲ್ಲಿ ಯಾರೂ ಇಣುಕಬಾರದು. ಸ್ವಲ್ಪ ಹೊತ್ತಾದ ಮೇಲೆ ಮನೆಯ ಯಜಮಾನ ಕೆಮ್ಮಿ ಸದ್ದು ಮಾಡಿ ಬಾಗಿಲು ತೆಗೆಯುತ್ತಾನೆ. ಎಲೆಯಲ್ಲಿ ಒಂದು ಅಗುಳು ಆಚೀಚೆ ಆಗಿದ್ದರೂ ಸಾಕು, ಉಂಡರು ಎಂದು ಮನೆಯವರಿಗೆ ಸಮಾಧಾನ. ಅತ್ತೆ ತನ್ನ ಕಜ್ಜಾಯ ತಿಂದಳು ಎಂದು ರುಕ್ಮಿಣಮ್ಮನ ಕಣ್ಣೆದುರಿಗೇ ಆಗಬೇಕು, ಊರ ಬಾಯಿ ಮುಚ್ಚಬೇಕು. ವರಲಕ್ಷ್ಮಮ್ಮನಿಗೆ ಬೇಕಿದ್ದದ್ದು ಇಷ್ಟೇ.

ತಯಾರಿ ಫೋಟೋದಿಂದಲೇ ಶುರುವಾಯಿತು. ಮುದುಕಿಯದು ಇದ್ದದ್ದು ಆಧಾರ್ ಕಾರ್ಡಿನ ಫೋಟೋ ಒಂದೇ. ಅದರಲ್ಲಿ ಅವಳು ಪೊಲೀಸರು ಹಿಡಿದು ತಂದವಳ ಹಾಗೆ ಕಾಣುತ್ತಿದ್ದಳು. ದೊಡ್ಡಬಳ್ಳಾಪುರದ ಸ್ಟುಡಿಯೋದವನು ಅದನ್ನು ದೊಡ್ಡದು ಮಾಡಿ, ಕಂಪ್ಯೂಟರಿನಲ್ಲೇ ಹಸಿರು ರೇಷ್ಮೆ ಸೀರೆ ಉಡಿಸಿ, ಹಿಂದೆ ಗುಲಾಬಿ ತೋಟ ಕೂರಿಸಿದ. ವರಲಕ್ಷ್ಮಮ್ಮ ಅವನ ಪಕ್ಕ ನಿಂತು, "ಮುಖದಲ್ಲಿ ಸ್ವಲ್ಪ ನಗು ಬರಂಗೆ ಮಾಡಪ್ಪ. ಹೊಟ್ಟೆ ತುಂಬಿದಂಗೆ ಕಾಣ್ಬೇಕು" ಎಂದಳು. ಅವನು ಮಾಡಿಕೊಟ್ಟ. ಬದುಕಿದ್ದಾಗ ಸೊಸೆಯನ್ನು ನೋಡಿ ಒಮ್ಮೆಯೂ ನಗದ ಮುನಿವೆಂಕಟಮ್ಮ ಚೌಕಟ್ಟಿನಲ್ಲಿ ಕೂತು ನಗತೊಡಗಿದಳು.

ಅಮಾವಾಸ್ಯೆಯ ದಿನ ಬೆಳಿಗ್ಗೆ ವಡೆ ಸುಡಲು ನನ್ನನ್ನು ಕರೆದರು. ಹೋದೆ. ಕೋಳಿ, ಮಟನ್ನು, ಬೇಯಿಸಿದ ಮೊಟ್ಟೆ, ವಡೆ, ಶಾವಿಗೆ ಪಾಯಸ ಎಲ್ಲ ಇತ್ತು. ಕಜ್ಜಾಯವನ್ನು ಮಾತ್ರ ವರಲಕ್ಷ್ಮಮ್ಮ ಯಾರ ಕೈಗೂ ಕೊಡದೆ ತಾನೇ ತಟ್ಟಿ ತಾನೇ ಕರಿದಳು. ಫೋಟೋವನ್ನು ಮುದುಕಿಯ ಕೋಣೆಯಲ್ಲೇ, ಅವಳ ಮಂಚದ ಪಕ್ಕದಲ್ಲಿ ಇಟ್ಟು ಹೂವು ಹಾಕುತ್ತಿದ್ದಾಗ ಸಿಂಚನ ಬಂದು ನಿಂತಳು. ತುಂಬ ಹೊತ್ತು ನೋಡಿದಳು.

"ಅಜ್ಜಿ, ದೊಡ್ಡಜ್ಜಿ ಕೈ ಎಲ್ಲಿ?"

ಫೋಟೋ ಭುಜಕ್ಕೇ ನಿಂತಿತ್ತು. "ಫೋಟೋದಲ್ಲಿ ಅಷ್ಟೇ ಬರೋದು ಕಣೆ" ಎಂದಳು ವರಲಕ್ಷ್ಮಮ್ಮ.

"ಮತ್ತೆ ಹೆಂಗೆ ಉಣ್ತಾಳೆ? ಬಾಯಿಗೆ ಯಾರು ಇಡ್ತಾರೆ?"

"ಅವ್ರೇ ಉಣ್ತಾರೆ. ದೇವ್ರಾಗವ್ರೆ. ಸುಮ್ನೆ ಹೋಗು, ಕೆಲಸ ಐತೆ."

"ಹಲ್ಲು ಬಂದೈತಾ?"

ಶಿಲ್ಪ ನಗು ತಡೆಯಲಾರದೆ ಅಡುಗೆಮನೆಗೆ ಓಡಿದಳು. ನಾನು ಓಡುವ ವಯಸ್ಸಿನವಳಲ್ಲ, ಅಲ್ಲೇ ನಕ್ಕೆ. ಮಗುವಿನ ಪ್ರಶ್ನೆಗೆ ಉತ್ತರ ಕೊಡುವ ಪುರುಸೊತ್ತು ಯಾರಿಗೂ ಇರಲಿಲ್ಲ.

ಊಟದ ಹೊತ್ತಿಗೆ ಸರಿಯಾಗಿ ರುಕ್ಮಿಣಮ್ಮ ಬಂದಳು. ಮಗ ನರೇಶ ಕಾರನ್ನು ಬೀದಿಗೆ ಅಡ್ಡ ನಿಲ್ಲಿಸಿದ. ವರಲಕ್ಷ್ಮಮ್ಮ ಬಾಗಿಲಿಗೆ ಹೋಗಿ, "ಬಾಮ್ಮ ರುಕ್ಮಿಣಿ, ನಿನ್ಗೇ ಕಾಯ್ತಿದ್ವಿ" ಎಂದಳು. "ಬರ್ದೇ ಇರಕ್ಕಾಯ್ತದಾ ಅತ್ತಿಗೆ, ನಮ್ಮಮ್ಮನ ಎಡೆ" ಎಂದು ರುಕ್ಮಿಣಮ್ಮ ಹೊಸ್ತಿಲಲ್ಲೇ ಸೆರಗನ್ನು ಕಣ್ಣಿಗೆ ಒಯ್ದಳು. ಸಿಂಚನ ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು.

"ನೀವು ಫೋನಲ್ಲಿ ಅಳೋ ಅಜ್ಜಿ ಅಲ್ವಾ?"

ಮುದುಕಿ ಮಂಚ ಹಿಡಿದಿದ್ದ ಅಷ್ಟು ಕಾಲವೂ ರುಕ್ಮಿಣಮ್ಮ ಸ್ಪೀಕರಿನಲ್ಲಿ ಅತ್ತದ್ದೇ ಹೆಚ್ಚು. ಮಗುವಿಗೆ ಅವಳ ಮುಖಕ್ಕಿಂತ ದನಿ ಪರಿಚಯ. "ಇವತ್ತು ಇಲ್ಲೇ ಅಳ್ತೀರಾ?" ಎಂದು ಮಗು ಮುಂದುವರಿಸಿತು. ರುಕ್ಮಿಣಮ್ಮ ಸೆರಗು ಕೆಳಗೆ ಬಿಟ್ಟಳು. ವರಲಕ್ಷ್ಮಮ್ಮ ಮೊಮ್ಮಗಳನ್ನು ಗದರಲಿಲ್ಲ. ಅಷ್ಟೇ ಅಲ್ಲ, ಅವಳ ಕೆನ್ನೆ ಸವರಿ ಒಳಗೆ ಕರೆದೊಯ್ದಳು. ಮಕ್ಕಳ ಬಾಯಿ ಬೇರೆಯವರ ಕಡೆ ತಿರುಗಿದ್ದಾಗ ಎಷ್ಟು ಮುದ್ದಾಗಿರುತ್ತದೆ.

ಎಡೆ ಬಡಿಸಿದ್ದಾಯಿತು, ಧೂಪ ಹಾಕಿದ್ದಾಯಿತು, ಎಲ್ಲರೂ ಅಡ್ಡಬಿದ್ದು ಹೊರಗೆ ಬಂದೆವು. ಪಿಳ್ಳಪ್ಪ ಕೋಣೆಯ ಬಾಗಿಲು ಎಳೆದ. ಅನಿಲ್ ಕಾಗೆಗೆ ಎಡೆ ಹಿಡಿದು ಮಹಡಿಗೆ ಹೋದ. ಸಿಂಚನ ಅಪ್ಪನ ಹಿಂದೆ ಹೋಗಿದ್ದಾಳೆ ಎಂದು ಶಿಲ್ಪ ತಿಳಿದಳು, ಶಿಲ್ಪಳ ಹತ್ತಿರ ಇದ್ದಾಳೆ ಎಂದು ಅನಿಲ್ ತಿಳಿದ. ನಾವೆಲ್ಲ ಜಗುಲಿಯಲ್ಲಿ ಕೂತೆವು. ವರಲಕ್ಷ್ಮಮ್ಮ ಕೂರಲಿಲ್ಲ. ಬೆಕ್ಕು ಗಿಕ್ಕು ನುಗ್ಗೀತು ಎಂದು ಹೇಳಿ ಮುಚ್ಚಿದ ಬಾಗಿಲಿಗೆ ಅಂಟಿಕೊಂಡೇ ನಿಂತಳು. ಬೆಕ್ಕು ನನ್ನ ಕಾಲ ಬಳಿಯೇ ಮಲಗಿತ್ತು. ಆಕೆಯ ಒಂದು ಕಿವಿ ಬಾಗಿಲಿನ ಮೇಲೆ, ಒಂದು ಕೈ ಸೊಂಟದ ಗೊಂಚಲಿನ ಮೇಲೆ. ಗಾಬರಿಯಾದಾಗ ಆಕೆ ಬೀಗದ ಕೈಗಳನ್ನು ಒಂದೊಂದಾಗಿ ತಿರುವುತ್ತಾಳೆ, ಜಪಮಣಿ ಎಣಿಸಿದ ಹಾಗೆ. ಆ ಝಣಝಣ ಜಗುಲಿಯ ತನಕ ಕೇಳುತ್ತಿತ್ತು.

ಹೊತ್ತಾದ ಮೇಲೆ ಪಿಳ್ಳಪ್ಪ ಹೆಂಡತಿಯ ಮುಖ ನೋಡಿದ. ಆಕೆ ತಲೆಯಾಡಿಸಿದ ಮೇಲೆ ಕೆಮ್ಮಿದ, ಬಾಗಿಲು ತೆಗೆದ. ಮುಂದೆ ನುಗ್ಗಿದ ರುಕ್ಮಿಣಮ್ಮ ಅಲ್ಲೇ ನಿಂತುಬಿಟ್ಟಳು.

ಎಲೆಯ ಮೇಲಿದ್ದ ಕಜ್ಜಾಯಗಳಲ್ಲಿ ಒಂದೇ ಒಂದು ಉಳಿದಿತ್ತು, ಅದೂ ಮುರಿದಿತ್ತು. ವಡೆ ಬೆರಳುಗಳಲ್ಲಿ ಹಿಸುಕಿದಂತೆ ಚೂರುಚೂರಾಗಿತ್ತು. ಪಾಯಸ ಚೆಲ್ಲಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಫೋಟೋದ ಗಾಜಿನ ಮೇಲೆ, ಸರಿಯಾಗಿ ಮುನಿವೆಂಕಟಮ್ಮನ ತುಟಿಯ ಜಾಗದಲ್ಲಿ, ಪಾಯಸದಲ್ಲಿ ನೆನೆದ ಕಜ್ಜಾಯ ಮೆತ್ತಿಕೊಂಡು ಗಲ್ಲದವರೆಗೆ ಇಳಿಯುತ್ತಿತ್ತು.

"ಅಮ್ಮ ಬಂದವ್ಳೆ" ಎಂದು ಪಿಳ್ಳಪ್ಪ ಅಲ್ಲೇ ಕುಸಿದು ಕೂತ. ಹೆಂಡತಿಯನ್ನು ಕೇಳದೆ ಅವನು ಆಡಿದ ಮೊದಲ ಮಾತು ಅದೇ ಇರಬೇಕು. ನರೇಶ ಫೋನು ತೆಗೆದು ವಿಡಿಯೋ ಮಾಡತೊಡಗಿದ. ಅಕ್ಕಪಕ್ಕದವರು ಬಂದರು, ಎದುರು ಬೀದಿಯವರು ಬಂದರು. ವರಲಕ್ಷ್ಮಮ್ಮ ಮಾತ್ರ ಕೈಮುಗಿದು ನಿಂತಿದ್ದಳು, ಕಣ್ಣಿನಿಂದ ನೀರು ಇಳಿಯುತ್ತಿತ್ತು. ಆ ನೀರು ನಿಜವಾದದ್ದು. ಅದರ ಬಗ್ಗೆ ನಾನು ತಮಾಷೆ ಮಾಡುವುದಿಲ್ಲ.

ಆದರೆ ಕಣ್ಣೀರು ಒರೆಸಿಕೊಂಡ ಮೇಲೆ ನೋಡಬೇಕಿತ್ತು ಆಕೆಯನ್ನು. ಪಂಕ್ತಿ ಹಾಕಿಸಿ ತಾನೇ ಬಡಿಸಲು ನಿಂತಳು. ಪ್ರತಿ ಎಲೆಯ ಮುಂದೆಯೂ ಬಗ್ಗಿ, "ತಗೊಳ್ಳಿ, ಅತ್ತೆ ತಿಂದ ಕಜ್ಜಾಯ" ಎಂದಳು. ಕೋಣೆಯಲ್ಲಿ ಆಗಲೇ ಸಣ್ಣ ಸರದಿ ಇತ್ತು, ಹೊಸದಾಗಿ ಬಂದವರು ಗಾಜಿನ ಮೇಲಿನ ಕಜ್ಜಾಯಕ್ಕೆ ಕೈಮುಗಿಯುತ್ತಿದ್ದರು. ರುಕ್ಮಿಣಮ್ಮನ ಎಲೆಯ ಮುಂದೆ ಆಕೆ ಸ್ವಲ್ಪ ಹೆಚ್ಚು ಹೊತ್ತು ನಿಂತಳು. "ಇನ್ನೊಂದು ಹಾಕ್ಲಾ ರುಕ್ಮಿಣಿ? ನಿಮ್ಮಮ್ಮನೇ ಬಾಯ್ತುಂಬ ತಿಂದವ್ರೆ. ನಿಂಗೇನು ಸಂಕೋಚ." ರುಕ್ಮಿಣಮ್ಮ ತಲೆ ಎತ್ತದೆ ಹಾಕಿಸಿಕೊಂಡಳು. ಆಮೇಲೆ ವರಲಕ್ಷ್ಮಮ್ಮ ಪಕ್ಕದಲ್ಲಿದ್ದ ಮೊಮ್ಮಗಳ ಎಲೆಗೆ ಬಂದಳು. ಸಿಂಚನ ಯಾವಾಗ ಬಂದು ಕೂತಿದ್ದಳೋ, ಅವಳ ಫ್ರಾಕಿನ ಮುಂಭಾಗವೆಲ್ಲ ಅಂಟಂಟಾಗಿತ್ತು.

"ನಂಗೆ ಬೇಡ. ಒಳಗೇ ತಿಂದೆ."

"ಒಳಗೆ ಎಲ್ಲೇ ತಿಂದೆ?" ಎಂದಳು ಶಿಲ್ಪ.

"ದೊಡ್ಡಜ್ಜಿ ಹತ್ರ. ಮಂಚದ ಕೆಳಗಿದ್ದೆ. ದೊಡ್ಡಜ್ಜಿಗೆ ಕೈ ಇಲ್ವಲ್ಲ, ಅದಕ್ಕೆ ನಾನೇ ಚೂರು ಮಾಡಿ, ಪಾಯಸದಲ್ಲಿ ಅದ್ದಿ, ಬಾಯಿಗಿಟ್ಟೆ."

ಊಟ ಮಾಡುತ್ತಿದ್ದವರ ಕೈಗಳೆಲ್ಲ ನಿಂತವು. ಕೋಣೆಯಲ್ಲಿ ಕೈಮುಗಿದು ನಿಂತಿದ್ದವರೊಬ್ಬರು ಮೆಲ್ಲಗೆ ಕೈ ಇಳಿಸಿದರು. ಅಷ್ಟಕ್ಕೇ ಬಿಟ್ಟಿದ್ದರೆ ಮಗುವಿನ ಆಟ ಎಂದು ನಕ್ಕು ಮುಗಿಸಬಹುದಿತ್ತು. ಪಿಳ್ಳಪ್ಪ ನಗಲು ಶುರುವೂ ಮಾಡಿದ್ದ. ಆದರೆ ಗೆದ್ದವಳಿಗೆ ಸೋಲು ಅಷ್ಟು ಬೇಗ ಒಗ್ಗುವುದಿಲ್ಲ. ವರಲಕ್ಷ್ಮಮ್ಮ ತಟ್ಟೆ ಹಿಡಿದೇ ಬಗ್ಗಿ ಕೇಳಿದಳು.

"ನೀನು ಬಾಯಿಗಿಟ್ಟೆ ಸರಿ. ದೊಡ್ಡಜ್ಜಿ ತಿಂದ್ರು ತಾನೆ? ಚೂರಾದ್ರೂ ತಿಂದ್ರು ತಾನೆ?"

ಸಿಂಚನ ಯೋಚಿಸಿದಳು. ಸುಳ್ಳು ಹೇಳಲು ಅವಳಿಗೆ ಇನ್ನೂ ಯಾರೂ ಸರಿಯಾಗಿ ಕಲಿಸಿರಲಿಲ್ಲ.

"ಇಲ್ಲ. ಎಷ್ಟು ಇಟ್ರೂ ಬಾಯೇ ತೆಗೀಲಿಲ್ಲ. ನೀನು ಬಾಗ್ಲಲ್ಲೇ ನಿಂತಿದ್ದೆ ಅಲ್ವಾ, ಅದಕ್ಕೆ. ಅಜ್ಜಿ ಡೈರಿಗೆ ಹೋದ್ಲು, ತಿನ್ನು ಅಂತ ಹೇಳ್ದೆ. ಆದ್ರೆ ನಿನ್ ಬೀಗದ ಕೈ ಸದ್ದು ಕೇಳ್ತಾನೇ ಇತ್ತು. ನೀನು ಇದ್ರೆ ದೊಡ್ಡಜ್ಜಿ ತಿನ್ನಲ್ಲ." ಬೆರಳು ನೆಕ್ಕುತ್ತ ಸೇರಿಸಿದಳು. "ವೇಸ್ಟ್ ಮಾಡ್ಬಾರ್ದು ಅಂತ ಮಿಸ್ ಹೇಳವ್ರೆ. ಅದಕ್ಕೆ ನಾನೇ ತಿಂದೆ."

ವರಲಕ್ಷ್ಮಮ್ಮನ ಕೈ ತಾನಾಗಿ ಸೊಂಟಕ್ಕೆ ಹೋಗಿ ಗೊಂಚಲನ್ನು ಗಟ್ಟಿಯಾಗಿ ಹಿಡಿಯಿತು, ಅದು ಸದ್ದು ಮಾಡದ ಹಾಗೆ.

ರುಕ್ಮಿಣಮ್ಮನಿಗೆ ಅಳಲು ಇದಕ್ಕಿಂತ ಒಳ್ಳೆಯ ಸಮಯ ಜನ್ಮದಲ್ಲಿ ಸಿಗುತ್ತಿರಲಿಲ್ಲ. ಅವಳು ಬಾಯಿ ತೆರೆದದ್ದನ್ನೂ ನಾನು ಕಂಡೆ. ಆದರೆ ಮಗು ಅವಳ ಕಡೆಗೇ ತಿರುಗಿ ನೋಡುತ್ತಿತ್ತು. ರುಕ್ಮಿಣಮ್ಮ ಕಜ್ಜಾಯ ಮುರಿದು ಬಾಯಿಗೆ ಹಾಕಿಕೊಂಡು ಅಗಿಯತೊಡಗಿದಳು. ನರೇಶ ಫೋನನ್ನು ಜೇಬಿಗೆ ಹಾಕಿಕೊಂಡ. ವಿಡಿಯೋ ಅಷ್ಟರಲ್ಲಿ ಹೊಸಕೋಟೆ ತಲುಪಿತ್ತು ಎಂದು ಆಮೇಲೆ ತಿಳಿಯಿತು.

ವರಲಕ್ಷ್ಮಮ್ಮ ಮೊಮ್ಮಗಳನ್ನು ಹೊಡೆಯುತ್ತಾಳೆ ಎಂದು ನಾನು ಎದ್ದು ನಿಂತೆ. ಹೊಡೆಯಲಿಲ್ಲ. ತಟ್ಟೆಯನ್ನು ಕೆಳಗಿಟ್ಟಳು. ಕೈ ತೊಳೆದಳು. ಕೋಣೆಯಲ್ಲಿದ್ದವರನ್ನೆಲ್ಲ ಹೊರಗೆ ಕಳಿಸಿ, ಫೋಟೋದ ಗಾಜನ್ನು ಸೆರಗಿನಿಂದ ಒರೆಸಿ, ಎಲೆ ತೆಗೆದು ಹೊಸ ಎಲೆ ಹಾಸಿದಳು. ಡಬ್ಬದಿಂದ ಬೇರೆ ಕಜ್ಜಾಯ ತಂದು ಇಟ್ಟಳು. ಪಕ್ಕದಲ್ಲಿ ಒಂದು ಲೋಟ ಕಾಫಿ, ಬೆಲ್ಲ ಹಾಕಿದ್ದು. ಹೊರಗೆ ಬಂದು ಸೊಂಟದ ಗೊಂಚಲು ಬಿಚ್ಚಿ ಕ್ಯಾಲೆಂಡರ್ ಪಕ್ಕದ ಮೊಳೆಗೆ ನೇತುಹಾಕಿದಳು. ನಾನು ನೋಡಿದ ಹಾಗೆ ಅದು ಆ ಸೊಂಟ ಬಿಟ್ಟದ್ದು ಅವತ್ತೇ. ಖಾಲಿ ಹಾಲಿನ ಕ್ಯಾನು ಎತ್ತಿಕೊಂಡು ಕೋಣೆಯ ಬಾಗಿಲಲ್ಲಿ ನಿಂತಳು. ಯಾವಾಗಲೂ ಕೂಗುವ ಹಾಗೆಯೇ, ಅಷ್ಟೇ ಗಟ್ಟಿಯಾಗಿ ಹೇಳಿದಳು.

"ಅತ್ತೆ, ನಾನು ಡೈರಿಗೆ ಹೋಗ್ಬರ್ತೀನಿ. ಬರೋದು ಹೊತ್ತಾಯ್ತದೆ."

ಮಧ್ಯಾಹ್ನ ಸುಡುವ ಬಿಸಿಲು. ಡೈರಿ ತೆಗೆಯುವುದು ಸಂಜೆ ಐದಕ್ಕೆ. ಅದು ಪಿಳ್ಳಪ್ಪನಿಗೂ ಗೊತ್ತು, ಎಲ್ಲರಿಗೂ ಗೊತ್ತು, ಯಾರೂ ಹೇಳಲಿಲ್ಲ. ಆಕೆ ಬೀದಿಯಲ್ಲಿ ಹೋಗುವಾಗ ಯಾವ ಸದ್ದೂ ಬರಲಿಲ್ಲ. ನನಗೆ ಅದು ವಿಚಿತ್ರವಾಗಿ ಕಂಡಿತು. ಸಿಂಚನ ಬಾಗಿಲ ತನಕ ಓಡಿ ನೋಡಿ ಬಂದಳು. ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡಳು. ಒಳಗಿನಿಂದ ಅವಳ ಪಿಸುಮಾತು ಪಂಕ್ತಿಗೆಲ್ಲ ಕೇಳಿಸಿತು. "ಹೋದ್ಲು."

ಮಿಕ್ಕದ್ದನ್ನು ಡೈರಿ ಸೆಕ್ರೆಟರಿ ಚಿಕ್ಕಬೀರಪ್ಪ ಸಂಜೆ ನನಗೆ ಹೇಳಿದ. ಅವನು ಬಾಗಿಲು ತೆಗೆಯಲು ಬಂದಾಗ ವರಲಕ್ಷ್ಮಮ್ಮ ಮೆಟ್ಟಿಲ ಮೇಲೆ ಖಾಲಿ ಕ್ಯಾನನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳಂತೆ. ಮುಖವೆಲ್ಲ ಬೆವರಂತೆ. "ಯಾಕಕ್ಕ, ಹಬ್ಬದ ದಿನ ಮನೆ ಬಿಟ್ಟು ಇಲ್ಲಿ ಕೂತಿದ್ದೀಯ?" ಎಂದು ಅವನು ಕೇಳಿದ.

"ಮನೇಲಿ ಅತ್ತೆ ಊಟ ಮಾಡ್ತಾವ್ರೆ ಕಣಪ್ಪ" ಎಂದಳಂತೆ. "ಮುಗೀಲಿ, ಆಮೇಲೆ ಹೋಗ್ತೀನಿ."